ಐದು ತೂತಿನ ಬಿದಿರು ಹೊಟ್ಟೆ ತುಂಬಿಸುತ್ತದೆಯೇ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವನು, ವಯಸ್ಸು 26. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹನ್ನೊಂದು ವರ್ಷ ಕರ್ನಾಟಕ ಸಂಗೀತದ ಕೊಳಲು ಕಲಿತಿದ್ದೇನೆ. ಹೋದ ವರ್ಷ ಜಪಾನಿನ ಬಿದಿರು ಕೊಳಲು ಶಕುಹಾಚಿ ಕೇಳಿದ ಮೇಲೆ ತಲೆಯಲ್ಲಿ ಬೇರೇನೂ ಓಡುತ್ತಿಲ್ಲ. ಪ್ಲಾಸ್ಟಿಕ್ಕಿನದೊಂದು ತರಿಸಿಕೊಂಡೆ. ಎರಡು ವಾರ ಬರೀ ಗಾಳಿ, ಆಮೇಲೆ ಸ್ವರ ಬಂತು. ಕೆಲಸ ಬಿಟ್ಟು ಜಪಾನಿಗೆ ಹೋಗಿ ಇದನ್ನೇ ವೃತ್ತಿ ಮಾಡಿಕೊಳ್ಳೋಣ ಅಂತಿದ್ದೇನೆ. ಅಮ್ಮ 'ಅದು ಊಟ ಹಾಕುತ್ತಾ?' ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರವಿಲ್ಲ. ಇದನ್ನು ನುಡಿಸುವವರು ನಿಜಕ್ಕೂ ಹೇಗೆ ಬದುಕುತ್ತಾರೆ? ಕೊಳಲು ಬಂದವರಿಗೆ ಇದು ಬೇಗ ಬರುತ್ತದೆಯೇ? ಇನ್ನೊಂದು ಸಣ್ಣ ಪ್ರಶ್ನೆ: ಎಲ್ಲಕ್ಕಿಂತ ಕೆಳಗಿನ ಸ್ವರ ನನ್ನ ಹಿಡಿತಕ್ಕೆ ಸಿಗುತ್ತಿಲ್ಲ, ಒಡೆದು ಮೇಲಿನ ಸ್ಥಾಯಿಗೆ ಹಾರುತ್ತದೆ. ಏನು ಮಾಡಲಿ?

ಉತ್ತರ: ಅಮ್ಮನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಶಕುಹಾಚಿಯ ಚರಿತ್ರೆ ಬಿಚ್ಚಿದರೆ ಅದರ ತುಂಬ ಇರುವುದೇ 'ಊಟ ಹಾಕುತ್ತಾ?' ಅನ್ನುವ ಪ್ರಶ್ನೆ. ಝೆನ್, ಧ್ಯಾನ, ಮೌನ ಅಂತ ಜನ ಬರೆಯುತ್ತಾರಲ್ಲ, ಅದೆಲ್ಲ ಇದೆ. ಆದರೆ ಅದರ ಪಕ್ಕದಲ್ಲೇ ಅಕ್ಕಿ ಲೆಕ್ಕವೂ ಇದೆ.

ನನ್ನ ಲೆಕ್ಕವನ್ನೂ ಮೊದಲೇ ಹೇಳಿಬಿಡುತ್ತೇನೆ. ಹದಿನಾಲ್ಕು ವರ್ಷದಿಂದ ಒಸಾಕಾದಲ್ಲಿದ್ದೇನೆ. ಶಕುಹಾಚಿ ಕಲಿತೆ, ಈಗ ಏಳು ಜನಕ್ಕೆ ಕಲಿಸುತ್ತೇನೆ, ಆಗಾಗ ವೇದಿಕೆ ಹತ್ತುತ್ತೇನೆ. ಮನೆ ಬಾಡಿಗೆ ಕಟ್ಟುವುದು ಮಾತ್ರ ಅನುವಾದದ ಕೆಲಸದಿಂದ. ಹಾಗಾಗಿ ಪೂರಾ ಇದನ್ನೇ ನಂಬಿ ಬದುಕಿದವಳ ಮಾತು ಅಂತ ಇದನ್ನು ಓದಬೇಡಿ. ಹಾಗೆ ಬದುಕಿದವರ ಪಕ್ಕದಲ್ಲಿ ಕೂತು ನೋಡಿದವಳ ಮಾತು ಅಂದುಕೊಳ್ಳಿ.

ಎದೊ ಕಾಲದ (1603–1868) ಜಪಾನಿನಲ್ಲಿ ಫುಕೆ ಅನ್ನುವ ಝೆನ್ ಪಂಥದವರು ಇದನ್ನು ಊದುತ್ತಿದ್ದರು. ಅವರನ್ನು ಕೊಮುಸೊ ಅಂತ ಕರೆಯುತ್ತಾರೆ. ತಲೆ, ಮುಖ ಪೂರ್ತಿ ಮುಚ್ಚುವ ಹೆಣೆದ ಬುಟ್ಟಿಯೊಂದನ್ನು ಹಾಕಿಕೊಂಡು, ಬೀದಿ ಬೀದಿಯಲ್ಲಿ ಊದುತ್ತಾ ಭಿಕ್ಷೆ ಎತ್ತುತ್ತಿದ್ದರು. ಆ ಬುಟ್ಟಿಯ ಹೆಸರು ತೆಂಗಾಯ್. ನಮ್ಮ ತೆಂಗಿನಕಾಯಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲು ಆಗಿರಲಿಲ್ಲ. ನಮ್ಮ ಕಿನ್ನರಿ ಜೋಗಿಗಳನ್ನು ನೆನೆಸಿಕೊಂಡರೆ ಚಿತ್ರ ಅರ್ಧ ಸಿಗುತ್ತದೆ. ಇನ್ನರ್ಧ ಬೇರೆ. ಕೊಮುಸೊಗಳಲ್ಲಿ ತುಂಬ ಜನ ಒಡೆಯನನ್ನು ಕಳೆದುಕೊಂಡ ಸಮುರಾಯ್‌ಗಳು. ಶಕುಹಾಚಿ ಊದುವ ಹಕ್ಕು ತಮಗೆ ಮಾತ್ರ, ಯಾವ ಊರಿನ ಗಡಿಯನ್ನಾದರೂ ದಾಟುವ ಹಕ್ಕು ತಮಗಿದೆ ಅಂತ ಅವರು ಸಾಧಿಸುತ್ತಿದ್ದರು. ಅದಕ್ಕೆ 1614ರ ಸರ್ಕಾರಿ ಆಜ್ಞೆ ಅಂತ ಒಂದು ಕಾಗದವನ್ನೂ ತೋರಿಸುತ್ತಿದ್ದರು. ಆ ಕಾಗದ ನಕಲಿ ಅನ್ನುವುದು ಈಗಿನ ಚರಿತ್ರೆಕಾರರ ಅಭಿಪ್ರಾಯ! ಹೊಟ್ಟೆಪಾಡಿಗೆ ಎಷ್ಟು ಬುದ್ಧಿ ಓಡಿಸಿದ್ದಾರೆ ನೋಡಿ.

1871ರಲ್ಲಿ, ಹೊಸದಾಗಿ ಬಂದಿದ್ದ ಮೇಜಿ ಸರ್ಕಾರ ಆ ಪಂಥವನ್ನೇ ರದ್ದು ಮಾಡಿತು. ಹಕ್ಕು ಹೋಯಿತು, ಭಿಕ್ಷೆ ಹೋಯಿತು. ಅವತ್ತಿಗೆ ಶಕುಹಾಚಿ ಮುಗಿದೇ ಹೋಗಬೇಕಿತ್ತು. ಎರಡನೇ ಅರಾಕಿ ಕೊದೊ, ಯೊಶಿದಾ ಇಚ್ಚೊ ಎಂಬ ಇಬ್ಬರು ಸರ್ಕಾರದ ಬಾಗಿಲು ತಟ್ಟಿ, ಇದನ್ನು ಸಾಮಾನ್ಯ ಸಂಗೀತ ವಾದ್ಯವಾಗಿ ನುಡಿಸಲಾದರೂ ಬಿಡಿ ಅಂತ ಕೇಳಿಕೊಂಡರು. ಅಲ್ಲಿಂದ ಶಕುಹಾಚಿಯವರು ಕೊತೊ ಮತ್ತು ಶಾಮಿಸೆನ್ ಎಂಬ ತಂತಿವಾದ್ಯ ನುಡಿಸುವವರ ಜೊತೆ ಕೂತರು, ಮನೆಗಳಲ್ಲಿ ಪಾಠ ಶುರು ಮಾಡಿದರು. ಭಿಕ್ಷಾಪಾತ್ರೆಯ ಜಾಗಕ್ಕೆ ಪಾಠದ ಫೀಸು ಬಂತು. ಇವತ್ತಿಗೂ ಈ ವೃತ್ತಿ ನಿಂತಿರುವುದು ಆ ಫೀಸಿನ ಮೇಲೆಯೇ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ನಾಕಾವೊ ತೊಜಾನ್. 1896ರಲ್ಲಿ ಒಸಾಕಾದಲ್ಲಿ ತಮ್ಮದೇ ಶೈಲಿ ಶುರು ಮಾಡಿದಾಗ ಅವರಿಗೆ ಇನ್ನೂ ಇಪ್ಪತ್ತರ ಹತ್ತಿರ ವಯಸ್ಸು. ಹಾಡುಗಳನ್ನು ಸ್ಪಷ್ಟವಾಗಿ ಬರೆದು ಅಚ್ಚು ಹಾಕಿಸಿದರು. ಪರೀಕ್ಷೆ, ದರ್ಜೆ, ಸರ್ಟಿಫಿಕೇಟು ತಂದರು. ಅದಕ್ಕಿಂತ ಹಳೆಯದು ಕಿಂಕೊ ಶೈಲಿ. ಕುರೊಸಾವಾ ಕಿಂಕೊ (1710–1771) ಅಲ್ಲಲ್ಲಿನ ದೇವಾಲಯಗಳಲ್ಲಿ ಊದುತ್ತಿದ್ದ ಹಾಡುಗಳನ್ನು ಕೂಡಿಸಿ ತಿದ್ದಿದರು, ಆ 36 ಹಾಡುಗಳೇ ಕಿಂಕೊದವರ ಆಸ್ತಿ. ನೀವು ಜಪಾನಿಗೆ ಬಂದರೆ ಯಾರಾದರೂ ಮೊದಲು ಕೇಳುವುದು 'ಕಿಂಕೊನಾ, ತೊಜಾನಾ?' ಅಂತಲೇ. ಊದುವ ತುದಿಯಲ್ಲಿ ಕೂರಿಸಿದ ಚೂರಿನ ಆಕಾರ ನೋಡಿದರೂ ಕೊಳಲು ಯಾವ ಮನೆಯದು ಅಂತ ಗೊತ್ತಾಗುತ್ತದೆ.

ತೊಜಾನ್ ಏಣಿಯಲ್ಲಿ ಮುಖ್ಯವಾಗಿ ಏಳು ಮೆಟ್ಟಿಲು: ಶೊದೆನ್, ಚೂದೆನ್, ಒಕುದೆನ್, ಕಾಯ್‌ದೆನ್, ಜುನ್‌ಶಿಹಾನ್, ಶಿಹಾನ್, ದಾಯ್‌ಶಿಹಾನ್. ಶಿಹಾನ್ ಅಂದರೆ ಕಲಿಸುವ ಅಧಿಕಾರ ಇರುವವರು. ನಾನು ಕಂಡವರಲ್ಲಿ ಅಲ್ಲಿಗೆ ತಲುಪಲು ಏಳೆಂಟು ವರ್ಷ ಹಿಡಿದವರೇ ಜಾಸ್ತಿ. ಪ್ರತಿ ಮೆಟ್ಟಿಲಿಗೂ ದುಡ್ಡು ಕಟ್ಟಬೇಕು, ಅದು ಸಣ್ಣ ಮೊತ್ತವಲ್ಲ. ಒಂದು ಸಲ ನನ್ನ ಪರೀಕ್ಷೆಯ ಫೀಸು ಕೇಳಿ, ಇದೇನು ವಿದ್ಯೆಯೋ ಸೈಟು ರಿಜಿಸ್ಟ್ರೇಷನ್ನೋ ಅಂತ ಗೊಣಗಿಕೊಂಡಿದ್ದೆ. ಕಟ್ಟಿದೆ. ಕಟ್ಟದಿದ್ದರೆ ಕಲಿಸಲು ಆಗುವುದಿಲ್ಲ, ಕಲಿಸದಿದ್ದರೆ ಕಟ್ಟಿದ್ದು ವಾಪಸು ಬರುವುದಿಲ್ಲ.

ಈಗ ತಿಂಗಳ ಸಂಪಾದನೆಗೆ ಬರೋಣ. ನಾನು ನೋಡಿದ ವೃತ್ತಿಪರರಲ್ಲಿ ಕಛೇರಿಯಿಂದಲೇ ಬದುಕುವವರು ಬೆರಳೆಣಿಕೆ. ಉಳಿದವರ ಮೂಲ ಆದಾಯ ಗೆಶ್ಶಾ, ಅಂದರೆ ತಿಂಗಳ ಪಾಠದ ಫೀಸು. ಇದಕ್ಕೊಂದು ಲಕೋಟೆ ಇರುತ್ತದೆ. ಅದರ ಮೇಲೆ ಹನ್ನೆರಡು ತಿಂಗಳ ಚೌಕ. ವಿದ್ಯಾರ್ಥಿ ಗರಿಗರಿ ನೋಟು ಹಾಕಿ ಎರಡೂ ಕೈಯಲ್ಲಿ ಕೊಡುತ್ತಾರೆ. ಮೇಷ್ಟ್ರು ಆ ತಿಂಗಳ ಚೌಕಕ್ಕೆ ಮುದ್ರೆ ಒತ್ತಿ ಖಾಲಿ ಲಕೋಟೆ ವಾಪಸು ಮಾಡುತ್ತಾರೆ. ನನ್ನ ಮೇಷ್ಟ್ರ ಮನೆಯಲ್ಲಿ ಮುದ್ರೆ ಬೀಳುವ ತನಕ ಆ ಲಕೋಟೆಗಳು ಒಂದು ಬಿಸ್ಕತ್ ಡಬ್ಬಿಯಲ್ಲಿ ಇರುತ್ತಿದ್ದವು. ನಾನು ಸೇರಿದಾಗ ಡಬ್ಬಿ ಮುಚ್ಚಲು ಆಗುತ್ತಿರಲಿಲ್ಲ. ಈಗ ಅರ್ಧ ಖಾಲಿ. ಕಲಿಯುವವರಲ್ಲಿ ವಯಸ್ಸಾದವರೇ ಹೆಚ್ಚು, ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ, ಹುಡುಗರು ಕಮ್ಮಿ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಎರಡನೇ ಆದಾಯ ಕೊತೊ ನುಡಿಸುವ ಹೆಂಗಸರಿಂದ. ಊರೂರಲ್ಲಿ ಕೊತೊ ಕಲಿಸುವ ಟೀಚರುಗಳಿದ್ದಾರೆ. ಅವರ ವಾರ್ಷಿಕ ಕಾರ್ಯಕ್ರಮಕ್ಕೆ ಒಂದು ಶಕುಹಾಚಿ ಬೇಕೇ ಬೇಕು. ಸಂಭಾವನೆ ಅಲ್ಲೂ ಲಕೋಟೆಯಲ್ಲೇ. ಇನ್ನು ಜನವರಿ. 1929ರಲ್ಲಿ ಮಿಯಾಗಿ ಮಿಚಿಯೊ ಕೊತೊ ಮತ್ತು ಶಕುಹಾಚಿಗೆಂದು 'ಹಾರು ನೊ ಉಮಿ' ಅಂತ ಒಂದು ಕೃತಿ ಮಾಡಿದರು. ವಸಂತದ ಕಡಲು ಅಂತ ಅರ್ಥ. 1932ರಲ್ಲಿ ರೆನೆ ಶೆಮೆ ಎಂಬ ಫ್ರೆಂಚ್ ವಯಲಿನ್ ಕಲಾವಿದೆ ಶಕುಹಾಚಿಯ ಭಾಗವನ್ನು ವಯಲಿನ್‌ಗೆ ಇಳಿಸಿ, ಮಿಯಾಗಿ ಜೊತೆಗೇ ರೆಕಾರ್ಡ್ ಮಾಡಿದ ಮೇಲೆ ಅದು ಹೊರಗೂ ಹೆಸರಾಯಿತು. ಇವತ್ತು ಹೊಸ ವರ್ಷದ ವಾರ ಜಪಾನಿನ ಯಾವ ಅಂಗಡಿಗೆ ಹೋಗಿ, ಯಾವ ಹೋಟೆಲಿಗೆ ಹೋಗಿ, ಅದೇ ಕೇಳಿಸುತ್ತದೆ. ನಮ್ಮ ಓಲಗದವರಿಗೆ ಮದುವೆ ಸೀಸನ್ ಇದ್ದ ಹಾಗೆ ನಮಗೆ ಆ ವಾರ. ಒಂದು ವರ್ಷ ನಾಲ್ಕು ದಿನದಲ್ಲಿ ಹನ್ನೊಂದು ಸಲ ಅದನ್ನು ನುಡಿಸಿದ್ದೇನೆ. ಹನ್ನೆರಡನೆಯದಕ್ಕೆ ಯಾರಾದರೂ ಕರೆದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಇದರ ಜೊತೆಗೆ ಶಾಲೆಗಳು. 2002ರಿಂದ ಜಪಾನಿನ ಮಿಡ್ಲ್ ಸ್ಕೂಲ್ ಮಕ್ಕಳು ಮೂರು ವರ್ಷದಲ್ಲಿ ಒಂದಾದರೂ ಜಪಾನಿ ವಾದ್ಯ ಮುಟ್ಟಬೇಕು ಅಂತ ಪಠ್ಯದಲ್ಲೇ ಇದೆ. ಬಹುತೇಕ ಶಾಲೆ ಕೊತೊ ಆರಿಸಿಕೊಳ್ಳುತ್ತವೆ, ತಂತಿ ಮೀಟಿದರೆ ಸದ್ದು ಬಂದೇ ಬರುತ್ತದಲ್ಲ. ಶಕುಹಾಚಿ ಕೊಟ್ಟರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ಮೂವತ್ತೈದು ಜನಕ್ಕೆ ಬರೀ ಉಸಿರು. ನಿಮಗೆ ಎರಡು ವಾರ ಆದದ್ದೇ ಅದು. ಆದರೂ ಅಲ್ಲಲ್ಲಿ ಕರೆ ಬರುತ್ತದೆ, ಹೋಗುತ್ತೇವೆ.

ಸ್ಟುಡಿಯೋ ಕೆಲಸವೂ ಇದೆ. ಆದರೆ ಮೊದಲಿನಷ್ಟು ಇಲ್ಲ. 1980ರ ದಶಕದಲ್ಲಿ ಇಮ್ಯುಲೇಟರ್ 2 ಅನ್ನುವ ಕೀಬೋರ್ಡು ಬಂತು. ಅದರೊಳಗೆ ಯಾರೋ ಊದಿದ ಶಕುಹಾಚಿಯ ಸದ್ದು ತುಂಬಿಸಿ ಇಟ್ಟಿದ್ದರು. 1986ರಲ್ಲಿ ಪೀಟರ್ ಗೇಬ್ರಿಯಲ್ ಅವರ ದೊಡ್ಡ ಹಿಟ್ ಹಾಡೊಂದು ಶುರುವಾಗುವುದೇ ಆ ಸದ್ದಿನಿಂದ. ಜಪಾನಿನ ಹೊರಗೆ ಆವರೆಗೆ ಅತಿ ಹೆಚ್ಚು ಜನ ಶಕುಹಾಚಿ ಕೇಳಿದ್ದು ಪ್ರಾಯಶಃ ಅಲ್ಲೇ, ಆ ಕೋಣೆಯಲ್ಲಿ ಶಕುಹಾಚಿಯೇ ಇರಲಿಲ್ಲ! ಇನ್ನೊಂದು ಕಡೆ ಕಾಜು ಮಾತ್ಸುಯಿ ಅಂಥವರು ಹಾಲಿವುಡ್ ಸಿನಿಮಾಗಳಿಗೆ ನಿಜವಾಗಿ ಊದಿ ಬದುಕು ಕಟ್ಟಿಕೊಂಡದ್ದೂ ಉಂಟು. 1988ರ 'ವಿಲೋ' ಸಿನಿಮಾದ ಸಂಗೀತದಲ್ಲಿ ಕೇಳುವುದು ಅವರ ಉಸಿರು.

ಹಾಗಾದರೆ ದೊಡ್ಡ ಕಲಾವಿದರೇ ಇಲ್ಲವೇ ಅಂತ ಕೇಳಬಹುದು. ಇದ್ದರು, ಇದ್ದಾರೆ. 1967ರ ನವೆಂಬರ್ 9ರಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ತನ್ನ 125ನೇ ವರ್ಷಕ್ಕೆ ತಾಕೆಮಿತ್ಸು ತೊರು ಅವರಿಂದ ಬರೆಸಿದ 'ನವೆಂಬರ್ ಸ್ಟೆಪ್ಸ್' ಮೊದಲ ಸಲ ನುಡಿಸಿತು. ನಡೆಸಿದವರು ಒಜಾವಾ ಸೇಜಿ. ಅಷ್ಟು ದೊಡ್ಡ ಆರ್ಕೆಸ್ಟ್ರಾದ ಮುಂದೆ ಕೂತವರು ಇಬ್ಬರು: ಬಿವಾ ಎಂಬ ತಂತಿವಾದ್ಯ ಹಿಡಿದ ತ್ಸುರುತಾ ಕಿಂಶಿ, ಶಕುಹಾಚಿ ಹಿಡಿದ ಯೊಕೊಯಾಮಾ ಕಾತ್ಸುಯಾ. ಅದರಲ್ಲಿ ಒಂದು ಕಡೆ ಇಡೀ ಆರ್ಕೆಸ್ಟ್ರಾ ಕೈಕಟ್ಟಿ ಕೂರುತ್ತದೆ, ಇವರಿಬ್ಬರೇ ನುಡಿಸುತ್ತಾರೆ. ಹುಡುಕಿ ಕೇಳಿ.

ಅದೇ ಸುಮಾರಿಗೆ ಯಾಮಾಗುಚಿ ಗೊರೊ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಕಲಿಸಲು ಹೋದರು. ಗಮನಿಸಿ, ಕಲಿಸಲು. ಗೂಡಿನಲ್ಲಿರುವ ಕೊಕ್ಕರೆಗಳ ಮೇಲೆ ಒಂದು ಹಳೆಯ ಹಾಡಿದೆ. ಅದನ್ನು ಅವರು ನುಡಿಸಿದ್ದು 1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಗಳ ಚಿನ್ನದ ಗ್ರಾಮಫೋನ್ ತಟ್ಟೆ ಸೇರಿತು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಯಾಮಾಮೊತೊ ಹೊಜಾನ್ 1967ರಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನುಡಿಸಿದರು, 1978ರಲ್ಲಿ ರವಿಶಂಕರ್, ಅಲ್ಲಾ ರಖಾ ಜೊತೆ ಒಂದು ಆಲ್ಬಂ ಮಾಡಿದರು. ಇವರೆಲ್ಲರ ಬದುಕು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಯಾರೂ ಶಿಷ್ಯರನ್ನು ಬಿಟ್ಟು ಬರೀ ವೇದಿಕೆ ನಂಬಲಿಲ್ಲ.

ನಿಮಗೆ ಹೆಚ್ಚು ಬೇಕಾದದ್ದು ಹೊರಗಿನವರ ಕಥೆ, ಅಲ್ವಾ? ಎರಡು ಹೇಳುತ್ತೇನೆ. ರೈಲಿ ಲೀ ಅಮೆರಿಕದವರು. 1970ರ ದಶಕದಲ್ಲಿ ಒಂದೆಕೊಜಾ ಎಂಬ ತಾಯ್ಕೊ ಡೋಲಿನ ತಂಡದಲ್ಲಿದ್ದರು. 1980ರಲ್ಲಿ ಜಪಾನೀಯರಲ್ಲದವರಲ್ಲಿ ಮೊದಲ ದಾಯ್‌ಶಿಹಾನ್ ಆದರು. ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿ, ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಈ ಸಂಗೀತದ ಮೇಲೇ ಪಿಎಚ್.ಡಿ. ಮಾಡಿದರು. ಕಛೇರಿ, ರೆಕಾರ್ಡಿಂಗ್, ಪಾಠ ಎಲ್ಲ ಸೇರಿ ಒಂದು ಜೀವನ. ಇನ್ನೊಬ್ಬರು ಜಾನ್ ನೆಪ್ಚೂನ್, ಕ್ಯಾಲಿಫೋರ್ನಿಯಾದವರು. ಕಡಲ ಅಲೆಯ ಮೇಲೆ ಹಲಗೆ ಓಡಿಸುವ ಹುಚ್ಚು. ತೊಜಾನ್ ಮನೆಯಲ್ಲಿ ಮೇಲಿನ ದರ್ಜೆ ತಲುಪಿದವರಿಗೆ ಸಿಗುವ ಹೆಸರು 'ಜಾನ್' ಅಂತ ಮುಗಿಯುತ್ತದೆ, ಬೆಟ್ಟ ಅಂತ ಅರ್ಥ. ಇವರಿಗೆ ಸಿಕ್ಕ ಹೆಸರು ಕಾಯ್‌ಜಾನ್, ಕಡಲು-ಬೆಟ್ಟ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು ಅನ್ನಿಸುತ್ತದೆ. ಜಪಾನಿನಲ್ಲೇ ಉಳಿದ ಅವರು ಊದುವುದರ ಜೊತೆಗೆ ಶಕುಹಾಚಿ ಮಾಡುವುದನ್ನೂ ಕಲಿತರು. ಒಳ್ಳೆಯ ಶಕುಹಾಚಿಗೆ ಲಕ್ಷಗಟ್ಟಲೆ ಯೆನ್ ಬೆಲೆ. ಬೇರು ಸಮೇತ ಅಗೆದು ತೆಗೆದ ಮಾದಾಕೆ ಬಿದಿರು, ಬೆಂಕಿಯ ಮೇಲೆ ಅದರ ಎಣ್ಣೆ ಇಳಿಸಬೇಕು, ವರ್ಷಗಟ್ಟಲೆ ಒಣಗಿಸಬೇಕು. ಕೈಯಲ್ಲಿ ಆ ಕಸುಬು ಇದ್ದರೆ ವಾದಕನಿಗೆ ಎರಡನೇ ಅಂಗಡಿ ಇದ್ದ ಹಾಗೆ.

ಬೆಲೆಯ ಮಾತು ಬಂತಲ್ಲ, ಒಂದು ಎಚ್ಚರಿಕೆ. ಬಿದಿರು ಬಿರಿಯುತ್ತದೆ. ಒಂದು ಜನವರಿಯಲ್ಲಿ ಹೀಟರ್ ಹಾಕಿದ ಸಭಾಂಗಣದ ಮೂಲೆಯಲ್ಲಿ ನನ್ನ ಕೊಳಲನ್ನು ಚೀಲ ಬಿಚ್ಚಿ ಇಟ್ಟಿದ್ದೆ. 'ಟಕ್' ಅಂತ ಸದ್ದು. ಹೋಗಿ ನೋಡಿದರೆ ಹಿಂಭಾಗದಲ್ಲಿ ಗೆರೆ. ದಾರ ಸುತ್ತಿಸಿ ರಿಪೇರಿ ಮಾಡಿಸಲು ಆ ಸೀಸನ್ನಿನ ಅರ್ಧ ದುಡ್ಡು ಹೋಯಿತು. ನೀವು ಮೊದಲ ಎರಡು ವರ್ಷ ಪ್ಲಾಸ್ಟಿಕ್ಕಿನಲ್ಲೇ ಇರಿ, ನಾಚಿಕೆಪಡಬೇಡಿ.

ಕೊಳಲು ಬಂದವರಿಗೆ ಇದು ಬೇಗ ಬರುತ್ತದೆಯೇ? ಕಿವಿಗೆ ಬರುತ್ತದೆ. ಬಾಯಿಗೆ, ಬೆರಳಿಗೆ ತೊಂದರೆಯೇ. ಶಕುಹಾಚಿಗೆ ಇರುವುದು ಐದೇ ತೂತು, ಮುಂದೆ ನಾಲ್ಕು, ಹಿಂದೆ ಹೆಬ್ಬೆರಳಿಗೆ ಒಂದು. ಮಧ್ಯದ ಬೆರಳುಗಳಿಗೆ ತೂತೇ ಇಲ್ಲ, ಅವು ಕೊಳಲನ್ನು ಹಿಡಿಯಲು ಮಾತ್ರ. ವೇಣು ನುಡಿಸಿದ ಕೈಗೆ ಇದು ದೊಡ್ಡ ಹಿಂಸೆ, ಆ ಬೆರಳು ಸುಮ್ನೆ ಎದ್ದೆದ್ದು ಬೀಳುತ್ತದೆ. ತುತ್ತುಕಾರವೂ ಇಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಾಲಿಗೆ ಬಳಸುವುದಿಲ್ಲ, ತೂತಿನ ಮೇಲೆ ಬೆರಳು ಬಡಿದು ಬೇರೆ ಮಾಡಬೇಕು.

ನೀವು ಖುಷಿಪಡುವ ವಿಷಯವೊಂದಿದೆ. ಸಾಮಾನ್ಯ ಅಳತೆಯ ಶಕುಹಾಚಿ ಜಪಾನಿನ ಹಳೆಯ ಅಳತೆಯಲ್ಲಿ ಒಂದು ಶಾಕು ಎಂಟು (ಹಾಚಿ) ಸುನ್, ಅಂದರೆ 54.5 ಸೆಂ.ಮೀ. ಹೆಸರು ಬಂದದ್ದೇ ಆ ಅಳತೆಯಿಂದ. ಎಲ್ಲ ತೂತು ಮುಚ್ಚಿದ ಸ್ವರವನ್ನು ಷಡ್ಜ ಅಂದುಕೊಂಡು ಒಂದೊಂದೇ ಬೆರಳು ಎತ್ತಿಕೊಂಡು ಹೋಗಿ. ಸ, ಸಾಧಾರಣ ಗ, ಶುದ್ಧ ಮ, ಪ, ಕೈಶಿಕಿ ನಿ. ಶುದ್ಧ ಧನ್ಯಾಸಿ! ಮೊದಲ ವಾರ ಇದು ಗೊತ್ತಾದಾಗ ನಾನು ಮನೆಗೆ ಫೋನ್ ಮಾಡಿ ಅಪ್ಪನಿಗೆ ಊದಿ ಕೇಳಿಸಿದ್ದೆ.

ಆದರೆ ಜಪಾನಿನ ಹಳೆಯ ಹಾಡುಗಳು ಅಲ್ಲಿ ನಿಲ್ಲುವುದಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಸ, ಶುದ್ಧ ರಿ, ಮ, ಪ, ಶುದ್ಧ ಧ ಬೇಕು, ಹೆಚ್ಚುಕಮ್ಮಿ ಹಿಂದೂಸ್ತಾನಿಯ ಗುಣಕ್ರಿ. ಆ ರಿ, ಆ ಧ ಎರಡಕ್ಕೂ ತೂತಿಲ್ಲ. ತೂತನ್ನು ಅರೆಬರೆ ಮುಚ್ಚಿ, ಗದ್ದ ತಗ್ಗಿಸಿ ಸ್ವರವನ್ನು ಇಳಿಸಬೇಕು. ಇದಕ್ಕೆ ಮೆರಿ ಅನ್ನುತ್ತಾರೆ, ಗದ್ದ ಎತ್ತಿದರೆ ಕಾರಿ. ಗದ್ದ ತಗ್ಗಿಸಿದಾಗ ಸ್ವರ ಇಳಿಯುವುದು ಮಾತ್ರವಲ್ಲ, ಮಂಕಾಗುತ್ತದೆ, ಒಳಗೆ ಸೇರಿಕೊಳ್ಳುತ್ತದೆ. ಆ ಮಂಕೇ ಬೇಕಾದದ್ದು. ನಾವು ಬೆರಳಲ್ಲಿ ತರುವ ಗಮಕವನ್ನು ಇವರು ಕತ್ತಿನಲ್ಲಿ ತರುತ್ತಾರೆ. 'ಕತ್ತು ಅಲ್ಲಾಡಿಸಲು ಮೂರು ವರ್ಷ, ಕೊರೊ ಅನ್ನಿಸಲು ಎಂಟು ವರ್ಷ' ಅಂತ ಇಲ್ಲಿ ಗಾದೆಯೇ ಇದೆ. ಕೊರೊ ಕೊರೊ ಅನ್ನುವುದು ಎರಡು ಬೆರಳನ್ನು ಒಂದರ ಹಿಂದೊಂದು ಬಡಿದು ತರುವ ಗುಳುಗುಳು ಸದ್ದು.

ನನ್ನ ಮೇಷ್ಟ್ರು ಒಂದೇ ಒಂದು ಮೆರಿ ಸ್ವರವನ್ನು ನನ್ನಿಂದ ಎಂಟು ತಿಂಗಳು ಊದಿಸಿದರು. ಪಾಠ ಅಂದರೆ ಎದುರು ಬದುರು ಮಂಡಿ ಊರಿ ಕೂರುವುದು, ಜೊತೆಯಲ್ಲಿ ಊದುವುದು. ವಿವರಣೆ ಇಲ್ಲ. ಒಂದು ದಿನ ಅವರು ಊದುವುದನ್ನು ನಿಲ್ಲಿಸಿ, ಪೆನ್ಸಿಲ್ ತೆಗೆದು ನನ್ನ ಗದ್ದದ ಕೆಳಗೆ ಅಡ್ಡ ಹಿಡಿದರು. ಗದ್ದ ಪೆನ್ಸಿಲ್ ಮುಟ್ಟಿತು, ಸ್ವರ ಸರಿ ಬಂತು. ಪೆನ್ಸಿಲ್ ಕಿಸೆಗೆ ಹಾಕಿಕೊಂಡು ಪುಟ ತಿರುಗಿಸಿದರು. ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ: ಕೆಲಸ ಬಿಡಬೇಡಿ, ಈಗಲೇ ಬಿಡಬೇಡಿ. ಮೊದಲು ಆನ್‌ಲೈನಿನಲ್ಲಿ ಒಬ್ಬ ಶಿಹಾನ್ ಹತ್ತಿರ ಎರಡು ವರ್ಷ ಕಲಿಯಿರಿ. ಹೊರದೇಶದವರಿಗೆ ಕಲಿಸುವವರು ಈಗ ಬೇಕಾದಷ್ಟು ಜನ ಇದ್ದಾರೆ. ಹಾಗೇ ಜಪಾನಿ ಭಾಷೆ ಕಲಿಯಿರಿ, ಅದಿಲ್ಲದೆ ಇಲ್ಲಿ ಕೊತೊ ಟೀಚರು ನಿಮ್ಮನ್ನು ಫೋನ್ ಮಾಡಿ ಕರೆಯುವುದಿಲ್ಲ. ಬರುವಾಗ ವೀಸಾ ನೋಡಿಕೊಂಡು ಬನ್ನಿ. ಗುರುವಿನ ಹತ್ತಿರ ಕಲೆ ಕಲಿಯಲು ಸಾಂಸ್ಕೃತಿಕ ಚಟುವಟಿಕೆಯ ವೀಸಾ ಅಂತ ಇದೆ, ಆದರೆ ಅದರಲ್ಲಿ ದುಡಿಯುವ ಹಾಗಿಲ್ಲ. ದುಡಿಯಬೇಕಾದರೆ ಬೇರೆ ಅನುಮತಿ ಬೇಕು. ಉಳಿತಾಯ ಇಟ್ಟುಕೊಂಡೇ ಬರಬೇಕು. ಟೋಕಿಯೊದ ಕಲಾ ವಿಶ್ವವಿದ್ಯಾಲಯದಲ್ಲಿ ಶಕುಹಾಚಿಗೆ ಪದವಿಯೇ ಇದೆ, ಪ್ರವೇಶ ಪರೀಕ್ಷೆ ಕಷ್ಟದ್ದು. ಇನ್ನು ನಿಮ್ಮ ಸಾಫ್ಟ್‌ವೇರ್ ಕೆಲಸ ಇಲ್ಲಿಂದಲೂ ಮಾಡಬಹುದಾದರೆ, ನಿಮ್ಮ ಸ್ಥಿತಿ ನನಗಿಂತ ಎಷ್ಟೋ ವಾಸಿ.

ಕೊಳಲನ್ನೂ ಬಿಡಬೇಡಿ. ಇಲ್ಲಿ ಚೆನ್ನಾಗಿ ಊದುವ ಹುಡುಗರು ಇದ್ದೇ ಇದ್ದಾರೆ. ಗಮಕ ಬಲ್ಲ ಶಕುಹಾಚಿಯವರು ಎಷ್ಟು ಜನ? ಅಮ್ಮನಿಗೆ ಸದ್ಯಕ್ಕೆ ಹೀಗೆ ಹೇಳಿ: ಊಟ ಕೆಲಸ ಹಾಕುತ್ತದೆ, ಇದು ಸಂಜೆ ಕಾಫಿಯ ಖರ್ಚಿಗೆ ಶುರುವಾಗುತ್ತದೆ.

ಇನ್ನು ನಿಮ್ಮ ಒಡೆಯುವ ಸ್ವರ. ಅದರ ಹೆಸರು ರೊ. ಹತ್ತಕ್ಕೆ ಒಂಬತ್ತು ಸಲ ತಪ್ಪು ಬಾಯಿಯದಲ್ಲ, ಎಲ್ಲೋ ಗಾಳಿ ಸೋರುತ್ತಿರುತ್ತದೆ. ಮೊದಲು ಹಿಂದಿನ ಹೆಬ್ಬೆರಳು ನೋಡಿ, ಆಮೇಲೆ ಎಲ್ಲಕ್ಕಿಂತ ಕೆಳಗಿನ ತೂತಿನ ಮೇಲಿರುವ ಉಂಗುರ ಬೆರಳು. ತುದಿಯಿಂದ ಒತ್ತಬೇಡಿ, ಬೆರಳಿನ ಮೆತ್ತನೆಯ ಭಾಗ ತೂತಿನ ಮೇಲೆ ಕೂರಲಿ. ಊದಿ ತೆಗೆದಾಗ ಚರ್ಮದ ಮೇಲೆ ಪೂರ್ತಿ ದುಂಡನೆ ಗುರುತು ಬಿದ್ದಿರಬೇಕು. ಅರ್ಧಚಂದ್ರ ಇದ್ದರೆ ಸೋರುತ್ತಿದೆ ಅಂತ ಅರ್ಥ. ಆಮೇಲೂ ಹಾರಿದರೆ ಗಾಳಿ ಜಾಸ್ತಿಯಾಗಿದೆ. ಬಿಸಿ ಕಾಫಿ ಆರಿಸುವಷ್ಟೇ ಊದಿ. ದಿನಾ ಬೆಳಿಗ್ಗೆ ಹತ್ತು ನಿಮಿಷ ರೊ ಒಂದೇ, ಬೇರೇನೂ ಬೇಡ. ಮೂರು ತಿಂಗಳಾದ ಮೇಲೆ ಒಂದು ರೆಕಾರ್ಡಿಂಗ್ ಕಳಿಸಿ, ಕೇಳಿ ಹೇಳುತ್ತೇನೆ.